ಅಮರಮ್ಮನ ಮೂಗು, ಹುಸೇನಮ್ಮನ ಹರಳು

ಸಿಂಧನೂರಿನ ಆ ಓಣಿಯಲ್ಲಿ ಮುದುಕಿ ಅಮರಮ್ಮನ ಮೂಗಿಗೆ ಹೆದರದವರೇ ಇರಲಿಲ್ಲ. ಬೆಳಗಾದರೆ ಮನೆ ಮುಂದಿನ ಕಟ್ಟೆಗೆ ಬಂದು, ನಶ್ಯದ ಡಬ್ಬಿ ಮಗ್ಗುಲಿಗಿಟ್ಟುಕೊಂಡು ಕೂತುಬಿಡುತ್ತಿದ್ದಳು. ಬಜಾರಿಗೆ ಹೋಗಿ ಬರುವವರೆಲ್ಲ ಕೈಚೀಲ ಹಿಡಿದು ಅವಳ ಮುಂದೆಯೇ ಹಾಯಬೇಕು. ಮಧ್ಯಾಹ್ನದ ಹೊತ್ತಿಗೆ ಯಾರ ಮನೆಯಲ್ಲಿ ಪುಂಡಿಪಲ್ಯ, ಯಾರ ಮನೆಯಲ್ಲಿ ಬದನೆಕಾಯಿ ಎಂದು ಕೂತಲ್ಲಿಂದಲೇ ಹೇಳುತ್ತಿದ್ದಳು, ಹೇಳಿದ್ದು ಸುಳ್ಳಾಗುತ್ತಿರಲಿಲ್ಲ. ಅವಳ ಮನೆಯಲ್ಲಿ ಮೊದಲು ಬಾಡಿಗೆಗಿದ್ದ ಗುಮಾಸ್ತನೊಬ್ಬ ಆರ್.ಎಚ್. ಕ್ಯಾಂಪಿನ ನಿರಾಶ್ರಿತ ಬಂಗಾಲಿಗಳ ಹತ್ತಿರ ಮೀನು ತಂದು, ಬಾಗಿಲು ಕಿಟಕಿ ಭದ್ರವಾಗಿ ಹಾಕಿಕೊಂಡು ಹುರಿದು ತಿಂದಿದ್ದ. ಸಂಜೆಯೊಳಗೆ ಅವನ ಹಾಸಿಗೆ ಸುರುಳಿ ಬೀದಿಗೆ ಬಂದಿತ್ತು.

ಅದೇ ಎರಡು ಕೋಣೆಗಳಿಗೆ ೧೯೮೬ರ ಸುಮಾರಿಗೆ ಹುಸೇನಮ್ಮ ಸಂಸಾರ ಸಮೇತ ಬಂದಳು. ಅವಳ ತವರು ಮುಕ್ಕುಂದ. ಬುದ್ಧಿ ಬಂದಾಗಿನಿಂದ ಭತ್ತದ ಗದ್ದೆಯಲ್ಲಿ ಬಗ್ಗಿ ನಾಟಿ ಮಾಡಿದ ಹೆಣ್ಣು. ಗಂಡ ದುರುಗಪ್ಪ ಜವಳಗೇರಾದ ಸಾಹುಕಾರರೊಬ್ಬರ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಮಕ್ಕಳ ಶಾಲೆಗೆಂದು ಊರು ಬಿಟ್ಟು ಬಂದವರಿಗೆ ಅಂಗಳದಲ್ಲೇ ನಲ್ಲಿ ಇರುವ ಮನೆ ಸಿಕ್ಕಿದ್ದು ಪುಣ್ಯವೆನಿಸಿತ್ತು. ಮನೆಯೊಳಗೆ ಮೀನು, ಮಾಂಸ ಬೇಯಿಸಬಾರದೆಂಬುದು ಅಮರಮ್ಮನ ಒಂದೇ ಷರತ್ತು. ಅವಳದು ಲಿಂಗ ಕಟ್ಟಿದ ಮನೆತನ. ಹುಸೇನಮ್ಮ ಮರುಮಾತಿಲ್ಲದೆ ಒಪ್ಪಿಕೊಂಡಳು. ಬಾಯಿ ಚಪಲ ತಡೆಯದಾದಾಗ ಗಂಡ ಹೆಂಡತಿ ಬಸ್ಸು ಹತ್ತಿ ಮುಕ್ಕುಂದಕ್ಕೆ ಹೋಗಿ, ಹೊಟ್ಟೆ ತುಂಬ ಉಂಡು, ಬಾಯಿಗೆ ಎಲೆಅಡಿಕೆ ಹಾಕಿಕೊಂಡು ಏನೂ ಅರಿಯದವರಂತೆ ವಾಪಸ್ಸಾಗುತ್ತಿದ್ದರು.

ಹೀಗೆ ಸುಖವಾಗಿದ್ದ ಮನೆಗೆ ಮೀನು ನಡೆದೇ ಬಂತು. ಎದುರು ಮನೆಯಲ್ಲಿದ್ದ ಬ್ಯಾಂಕ್ ಮ್ಯಾನೇಜರರ ಮನೆಗೆ ಹುಸೇನಮ್ಮ ಪಾತ್ರೆ ತಿಕ್ಕಲು ಹೋಗುತ್ತಿದ್ದಳು. ಅವರಿಗೆ ಲಿಂಗಸುಗೂರಿಗೆ ವರ್ಗವಾಯಿತು. ಲಾರಿಯಲ್ಲಿ ಹೇರಿದರೆ ಮೀನು ಸಾಕಿದ ಗಾಜಿನ ತೊಟ್ಟಿ ಒಡೆದೀತೆಂದು ಮ್ಯಾನೇಜರರ ಹೆಂಡತಿ ಅದನ್ನು, ಅದರ ತಳದ ಸಣ್ಣ ಹರಳುಗಲ್ಲುಗಳನ್ನು, ಮೂರು ಕೆಂಪು ಮೀನುಗಳನ್ನು ಹುಸೇನಮ್ಮನ ಕೈಗೇ ಒಪ್ಪಿಸಿಬಿಟ್ಟರು. ಜೊತೆಗೆ ಪಾಠವನ್ನೂ ಹೇಳಿದರು: ಹೊಲಸೆಲ್ಲ ಹರಳಿನ ಸಂದಿಯಲ್ಲಿ ಕೂಡುತ್ತದೆ, ವಾಸನೆ ಹುಟ್ಟುವುದು ಅಲ್ಲಿಂದಲೇ. ಈ ವಾರ ಅರ್ಧ, ಮುಂದಿನ ವಾರ ಉಳಿದರ್ಧ ತೊಳೆಯಬೇಕು. ಸೋಪು, ಸೋಡಾ ಮುಟ್ಟಿಸಬಾರದು. ಅರ್ಧ ತೊಳೆಯುವುದೆಂದರೆ ಅದೆಂಥ ತೊಳೆಯುವುದು, ಸೋಮಾರಿತನಕ್ಕೊಂದು ನೆಪ ಎಂದು ಹುಸೇನಮ್ಮ ಮನಸ್ಸಿನಲ್ಲೇ ನಕ್ಕಳು.

ತೊಟ್ಟಿಯನ್ನು ಹೊತ್ತು ಅಂಗಳ ದಾಟುವಾಗ ಕಟ್ಟೆಯ ಮೇಲಿನ ಮೂಗು ಎದ್ದು ನಿಂತಿತು.

"ಏನಬೇ ಅದು, ಹುಸೇನಿ?"

"ಮೀನ್ರಿ, ಅಮ್ಮಾರೆ. ತಿನ್ನಾಕಲ್ರೀ, ನೋಡಾಕ."

ಅಮರಮ್ಮ ಒಂದು ಚಿಟಿಕೆ ನಶ್ಯ ಏರಿಸಿ ಬಹಳ ಹೊತ್ತು ಯೋಚಿಸಿದಳು. ಷರತ್ತಿನಲ್ಲಿ ಇದ್ದುದು ಬೇಯಿಸಬಾರದೆಂದು. ಸಾಕಬಾರದೆಂದು ಯಾರೂ ಹೇಳಿರಲಿಲ್ಲ.

"ಇರಲಿ. ಆದ್ರ ಪ್ರತಿ ಐತವಾರ ಬಂದು ಮೂಸಿ ನೋಡ್ತೀನಿ. ಎಂದು ಮೀನಿನ ವಾಸನಿ ಬರ್ತೈತೋ, ಅಂದೇ ಮನಿ ಖಾಲಿ ಮಾಡಬೇಕು. ನಾ ಮೊದ್ಲ ಹೇಳೀನಿ."

ಅಂದಿನಿಂದ ಹುಸೇನಮ್ಮನ ಮನೆ ಆ ಹರಳುಗಳ ಮೇಲೆ ನಿಂತಿತು ಎನ್ನಬೇಕು. ತೊಟ್ಟಿಯನ್ನು ಬೇರೆಯವರಿಗೆ ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು; ಆದರೆ ಮೀನುಗಳು ಅಷ್ಟರಲ್ಲಿ ಅವಳ ಮನಸ್ಸು ಹೊಕ್ಕಿದ್ದವು. ಕೆಲಸ ಮುಗಿಸಿ ಬಂದು, ಸೆರಗಿನಿಂದ ಮುಖ ಒರೆಸಿಕೊಂಡು ಅವುಗಳ ಮುಂದೆ ಕೂತರೆ ದಿನದ ದಣಿವೆಲ್ಲ ಇಳಿಯುತ್ತಿತ್ತು. ಜೀವನದಲ್ಲಿ ಮೊದಲ ಸಲ, ಉಪಯೋಗಕ್ಕೆ ಬಾರದ ಒಂದು ಚೆಂದದ ವಸ್ತು ಅವಳದಾಗಿತ್ತು.

ಶನಿವಾರ ಸಂಜೆ ಹರಳಿನ ಕೆಲಸ. ಕಲ್ಲಕ್ಕಿ ಗಾಳಿಸುವುದರಲ್ಲಿ ಅವಳನ್ನು ಮೀರಿಸುವವರು ಮುಕ್ಕುಂದದಲ್ಲಿ ಇರಲಿಲ್ಲ. ನೀರಿನಲ್ಲಿ ಪಾತ್ರೆಯನ್ನು ಓಲಾಡಿಸಿ ಅಕ್ಕಿಯನ್ನು ಆಚೆ ಸರಿಸಿ, ಕಲ್ಲನ್ನು ತಳದಲ್ಲಿ ಹಿಡಿಯುವ ಕೈ ಅವಳದು. ಇಲ್ಲಿ ಲೆಕ್ಕ ಉಲ್ಟಾ: ಕಲ್ಲನ್ನೇ ಉಳಿಸಿಕೊಂಡು ಮಿಕ್ಕಿದ್ದನ್ನು ಚೆಲ್ಲಬೇಕು. ಮೊದಮೊದಲು ಕೈಗೆ ಅದೇ ಗೊಂದಲ. ದುರುಗಪ್ಪ ಒಂದು ಉಪಾಯ ತೋರಿಸಿದ. ಟ್ರ್ಯಾಕ್ಟರಿನ ಟ್ಯಾಂಕಿನಿಂದ ಡೀಸೆಲ್ ಎಳೆಯುವಂತೆ, ಹೊಸ ರಬ್ಬರ್ ಪೈಪಿನ ಒಂದು ತುದಿಯನ್ನು ಹರಳಿನೊಳಗೆ ಚುಚ್ಚಿ, ಇನ್ನೊಂದು ತುದಿಯನ್ನು ಬಾಯಲ್ಲಿಟ್ಟು ಎಳೆದ. ಹೊಲಸು ಪೈಪಿನೊಳಗೆ ಏರಿ ಬಕೆಟ್ಟಿಗೆ ಸುರಿಯಿತು. ಹರಳು ಭಾರಕ್ಕೆ ಅಲ್ಲಲ್ಲೇ ಉಳಿಯಿತು. ಒಂದು ಗುಟುಕು ಅವನ ಬಾಯಿಗೂ ಹೋಯಿತು.

"ಥೂ! ಇದಕಿಂತ ಡೀಸೆಲ್ಲೇ ವಾಸಿ ಬಿಡಲೇ," ಎಂದು ಉಗುಳಿ ಉಗುಳಿ ಓಡಾಡಿದ. ಹುಸೇನಮ್ಮ ನಕ್ಕು ನಕ್ಕು ಸುಸ್ತಾದಳು. ಬಕೆಟ್ಟಿನ ನೀರು ಅಂಗಳದ ಕರಿಬೇವಿನ ಗಿಡಕ್ಕೆ ಹೋಗುತ್ತಿತ್ತು. ಗಿಡ ಸೊಕ್ಕಿ ಬೆಳೆಯಿತು. ಅಮರಮ್ಮನ ಒಗ್ಗರಣೆಗೆ ದಿನಾ ಅದರದೇ ಎಲೆ. ಅದಕ್ಕೆ ಏನು ಉಣಿಸುತ್ತಿದ್ದಾರೆಂದು ಅವಳಿಗೆ ಹೇಳುವ ಧೈರ್ಯ ಯಾರಿಗಿತ್ತು!

ಭಾನುವಾರ ಅಮರಮ್ಮ ಬರುತ್ತಿದ್ದಳು. ತೊಟ್ಟಿಯ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆಯುವಳು. "ಹ್ಞೂಂ, ಈ ವಾರ ಪಾಸು," ಎಂದು ಹೇಳಿ, ಬಂದ ತಪ್ಪಿಗೆಂಬಂತೆ ಸ್ವಲ್ಪ ಹೊತ್ತು ಕೂತು ಎದ್ದು ಹೋಗುವಳು.

ಮರುವರ್ಷದ ಮಹಾನವಮಿಗೆ ಮಸ್ಕಿಯಿಂದ ಅಮರಮ್ಮನ ಬೀಗರು ಬರುವವರಿದ್ದರು. "ಅವರಿಗೆ ವಾಸನಿ ಬಡೀತಂದ್ರ ನನ್ನ ಮಾನ ಹೋಗ್ತೈತಿ ನೋಡು," ಎಂದು ಅಮರಮ್ಮ ಎರಡೆರಡು ಸಲ ಎಚ್ಚರಿಸಿದಳು. ಹುಸೇನಮ್ಮನಿಗೆ ಗಾಬರಿ. ಮಹಾನವಮಿಗೆ ಮುಂಚೆ ಮನೆಯ ಕೌದಿ, ಹಾಸಿಗೆ, ಕೊಡ, ಬಿಂದಿಗೆ ಒಂದನ್ನೂ ಬಿಡದೆ ಕಾಲುವೆಗೆ ಒಯ್ದು ತೊಳೆಯುವುದು ಆ ಕಡೆಯ ವಾಡಿಕೆ. ಎಲ್ಲವೂ ಹೊರಟಿರುವಾಗ ಹರಳೊಂದನ್ನು ಯಾಕೆ ಬಿಡಬೇಕು? ಮೀನುಗಳನ್ನು ಬಕೆಟ್ಟಿಗೆ ಹಾಕಿ, ಅಷ್ಟೂ ಹರಳನ್ನು ಗಂಟು ಕಟ್ಟಿ ತಲೆಯ ಮೇಲಿಟ್ಟುಕೊಂಡು ನಡೆದಳು. ಕಾಲುವೆಯ ಮೆಟ್ಟಿಲ ಮೇಲೆ ವಾಷಿಂಗ್ ಸೋಡಾ ಹಾಕಿ ತಿಕ್ಕಿದ್ದೇ ತಿಕ್ಕಿದ್ದು. ಕೌದಿಯ ಪಕ್ಕದಲ್ಲೇ ಬಿಸಿಲಿಗೆ ಹರವಿದಳು. ಸಂಜೆ ತೊಟ್ಟಿಗೆ ಹಾಕಿ ನಲ್ಲಿಯ ಹೊಸ ನೀರು ತುಂಬಿ ಮೀನು ಬಿಟ್ಟಾಗ ಹರಳು ಮುತ್ತಿನಂತೆ ಹೊಳೆಯಿತು. ಅವಳಿಗೆ ಹೆಮ್ಮೆಯೋ ಹೆಮ್ಮೆ.

ಬೆಳಗ್ಗೆ ಎದ್ದು ನೋಡಿದರೆ ಒಂದು ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು. ಉಳಿದೆರಡು ನೀರಿನ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಮ್ಯಾನೇಜರರ ಹೆಂಡತಿಯ ಮಾತು ಆಗ ನೆನಪಾಯಿತು. ಸೋಡಾ ಹಾಕಿ ಒಮ್ಮೆಗೇ ಎಲ್ಲ ತೊಳೆದುಬಿಟ್ಟೆನಲ್ಲ ಎಂದು ಹುಸೇನಮ್ಮ ಗೋಳೋ ಎಂದು ಅತ್ತಳು. ಸದ್ದು ಕೇಳಿ ಅಮರಮ್ಮ ಓಡಿ ಬಂದಳು.

"ಅಯ್ಯ ನನ್ನವ್ವ, ಒದ್ದಾಡಾಕತ್ತಾವಲ್ಲ! ನಿಂತು ಅಳತಿಯೇನಬೇ? ಆ ಸೋಡಾದ ನೀರು ಚೆಲ್ಲು ಮೊದ್ಲ!"

ಹೇಳಿ ಒಳಗೆ ಹೋದವಳು, ಹಿಂದಿನ ದಿನ ತುಂಬಿಟ್ಟ ತನ್ನ ತಾಮ್ರದ ಕೊಡವನ್ನೇ ಎತ್ತಿ ತಂದಳು. ಯಾರೂ ಮುಟ್ಟಕೂಡದ ಕುಡಿಯುವ ನೀರದು. ಹರಳನ್ನು ಇಬ್ಬರೂ ಕೂತು ಬರೀ ನೀರಿನಲ್ಲಿ ಮತ್ತೆ ಮತ್ತೆ ತೊಳೆದರು. ಆಗಲೇ ಬಂದು ಪಡಸಾಲೆಯಲ್ಲಿ ಕೂತಿದ್ದ ಮಸ್ಕಿಯ ಬೀಗರು ಚಹಾಕ್ಕೆ ಕಾದು ಕಾದು ಸಾಕಾಗಿ ಇಣುಕಿದರೆ, "ಇರ್ರಿ ಸ್ವಲ್ಪ, ಜೀವ ಹೋಗಾಕತ್ತಾವ ಇಲ್ಲಿ!" ಎಂದು ಅಮರಮ್ಮ ಅವರನ್ನೇ ಗದರಿಸಿದಳು. ಎರಡು ಮೀನು ಉಳಿದವು. ಸತ್ತದ್ದನ್ನು ಕರಿಬೇವಿನ ಬುಡದಲ್ಲಿ ಮಣ್ಣು ಮಾಡಿದರು. ಆಮೇಲೆ ಹುಸೇನಮ್ಮ ಅರ್ಧಕ್ಕಿಂತ ಒಂದು ಹಿಡಿಯೂ ಹೆಚ್ಚು ಹರಳು ತೊಳೆಯಲಿಲ್ಲ.

ವರ್ಷಗಳು ಕಳೆದವು. ಮಕ್ಕಳು ಹೈಸ್ಕೂಲಿಗೆ ಬಂದರು. ಮೀನು ಅಂಗೈಯಗಲ ಬೆಳೆದವು. ಒಂದು ಶುಕ್ರವಾರ ಹುಸೇನಮ್ಮ ಅಂಗಳಕ್ಕೆ ಕಾಲಿಡುತ್ತಲೇ ಸುಟ್ಟ ಹಾಲಿನ ಕಮಟು ಮೂಗಿಗೆ ಹೊಡೆಯಿತು. ಅಡುಗೆಮನೆಯ ಹೊಸ್ತಿಲಿಗೆ ಆನಿಕೊಂಡು, ಅತ್ತ ಬೆನ್ನು ಮಾಡಿ ಅಮರಮ್ಮ ನಿಶ್ಚಿಂತೆಯಿಂದ ಬತ್ತಿ ಹೊಸೆಯುತ್ತಿದ್ದಳು.

"ಬಂದ್ಯಾ? ಹಾಲು ಕಾಯಾಕಿಟ್ಟೀನಿ, ಉಕ್ಕಾಕ ಬಂತೇನು ನೋಡು."

ಹುಸೇನಮ್ಮ ಓಡಿ ಸ್ಟೋವ್ ಆರಿಸಿದಳು. ಪಾತ್ರೆಯ ತಳ ಇದ್ದಿಲಾಗಿತ್ತು. "ವಾಸನಿ ಬರಲಿಲ್ಲೇನ್ರಿ, ಅಮ್ಮಾರೆ?"

ಅಮರಮ್ಮನ ಕೈ ನಶ್ಯದ ಡಬ್ಬಿಯ ಮೇಲೆ ನಿಂತಿತು. "ಬಂತು, ಬಂತು. ಏಳಾಕ ಮೊಣಕಾಲು ಹಿಡದಿತ್ತು," ಎಂದಳು. ಮುಖ ಮಾತ್ರ ಕದ್ದು ಸಿಕ್ಕಿಬಿದ್ದವರ ಮುಖ.

ಹುಸೇನಮ್ಮನಿಗೆ ಎಲ್ಲ ಹೊಳೆದುಹೋಯಿತು. ಆ ಮೂಗು ನಶ್ಯಕ್ಕೆ ಸಿಕ್ಕಿ ಸತ್ತು ಎಷ್ಟು ವರ್ಷವಾಗಿತ್ತೋ! ಪುಂಡಿಪಲ್ಯ, ಬದನೆಕಾಯಿ ಎಲ್ಲ ಅವಳು ಮೂಸಿ ಕಂಡದ್ದಲ್ಲ, ಕಟ್ಟೆಯ ಮೇಲೆ ಕೂತು ಜನರ ಚೀಲ ನೋಡಿ ಹೇಳಿದ್ದು. ಗುಮಾಸ್ತನ ಮೀನಿನ ಬಾಲ ಚೀಲದಿಂದ ಹೊರಗೆ ಇಣುಕಿರಬೇಕು. ಹುಸೇನಮ್ಮನಿಗೆ ಕೆಂಡದಂಥ ಸಿಟ್ಟು ಬಂತು. ಇಲ್ಲದ ಮೂಗಿಗೆ ಹೆದರಿ ಶನಿವಾರ ಶನಿವಾರ ಸೊಂಟ ಮುರಿದುಕೊಂಡೆನಲ್ಲ! ಅದೇ ಮೂಗಿಗೆ ಹೆದರಿ ಒಂದು ಜೀವವನ್ನೂ ಕಳೆದೆನಲ್ಲ!

ಆ ಶನಿವಾರ ಅವಳು ಪೈಪು ಮುಟ್ಟಲಿಲ್ಲ. ಮರುವಾರವೂ ಇಲ್ಲ, ಅದರ ಮರುವಾರವೂ ಇಲ್ಲ. ನೀರು ಮೇಲೆ ತಿಳಿಯಾಗಿಯೇ ಕಂಡರೂ ಹರಳಿನ ಸಂದಿಯಲ್ಲಿ ಹೊಲಸು ಕೂತು ನಾರತೊಡಗಿತು. ದುರುಗಪ್ಪ ಉಣ್ಣುವ ತಟ್ಟೆ ಹಿಡಿದು ಅಂಗಳಕ್ಕೆ ಹೋಗಿ ಕೂತ. ಮೂರನೆಯ ಭಾನುವಾರವೂ ಅಮರಮ್ಮ ಬಂದಳು, ಬಗ್ಗಿದಳು, ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದಳು. ಹುಸೇನಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದಳು.

"ಹ್ಞೂಂ. ಹಸನ ಐತಿ. ಪಾಸು."

ನಿಮ್ಮ ಮೂಗಿನ ಕತೆ ನನಗೆ ಗೊತ್ತಾಗೈತಿ ಎಂಬ ಮಾತು ಹುಸೇನಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅಮರಮ್ಮ ಎಂದಿನಂತೆ ತೊಟ್ಟಿಯ ಮುಂದೆ ಕೂತು, ಗಾಜಿನ ಮೇಲೆ ಬೆರಳಿಟ್ಟಳು. ದೊಡ್ಡ ಮೀನು ನಿಧಾನಕ್ಕೆ ಬಂದು ಆ ಬೆರಳಿಗೇ ಬಾಯಿ ತಾಗಿಸಿ ನಿಂತಿತು. ಅವರಿಬ್ಬರದು ಹಳೆಯ ಗುರುತು ಎಂದು ನೋಡಿದರೇ ತಿಳಿಯುತ್ತಿತ್ತು.

"ಯಾಕೋ ಇದು ಮಂಕ ಆಗೈತಿ, ಹುಸೇನಿ. ಮೂರು ವಾರದಿಂದ ನೋಡಾಕತ್ತೀನಿ, ಮೊದಲಿನಂಗ ಆಡವಲ್ದು. ಹೊಟ್ಟಿಗೆ ಸರಿಯಾಗಿ ಹಾಕಾಕತ್ತೀಯಿಲ್ಲೋ?"

ಹುಸೇನಮ್ಮನ ಸಿಟ್ಟು ಜರ್ರೆಂದು ಇಳಿಯಿತು. ಅವಳಿಗೆ ನಾಚಿಕೆಯಾಯಿತು. ಮುದುಕಿ ಇಷ್ಟು ವರ್ಷ ಮೂಸಲು ಬಂದಿರಲೇ ಇಲ್ಲ. ಮೀನು ನೋಡುವ ಆಸೆಯಾಗಿದೆ, ಬರಲೇ ಎಂದು ಬಾಡಿಗೆಯವರ ಹತ್ತಿರ ಕೇಳಲು ಮನೆ ಒಡತಿಗೆ ಬಾಯಿ ಬಂದಿರಲಿಲ್ಲ, ಅಷ್ಟೆ. ಹುಸೇನಮ್ಮ ಗೂಟದ ಮೇಲಿನ ಪೈಪು ಇಳಿಸಿಕೊಂಡಳು.

"ಅಮ್ಮಾರೆ, ನಿಮಗ ನೆಗಡಿ ಆಗಿರಬೇಕ್ರಿ. ಹರಳು ಹೊಲಸಾಗೈತಿ, ವಾಸನಿ ಬರಾಕತ್ತೈತಿ. ಇಲ್ಲೇ ಕುಂದರ್ರಿ, ನಿಮ್ಮ ಎದುರಿಗೇ ತೊಳೀತೀನಿ. ಈ ತುದಿ ಸ್ವಲ್ಪ ಬಕೆಟ್ಟಿನಾಗ ಹಿಡ್ಕೋರಿ."

ಅಮರಮ್ಮ ಅವಳ ಮುಖವನ್ನೇ ಒಂದು ಗಳಿಗೆ ನೋಡಿದಳು. ನಶ್ಯದ ಡಬ್ಬಿಯನ್ನು ಬದಿಗೆ ಸರಿಸಿ, ಸೀರೆ ಮೇಲೆತ್ತಿ ಕಟ್ಟಿ, ಪೈಪಿನ ತುದಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ಹೌದಬೇ, ನೆಗಡಿನೇ. ಭಾಳ ಕೆಟ್ಟ ನೆಗಡಿ, ಲಗೂನ ಹೋಗೂದಲ್ಲ ಇದು," ಎಂದಳು. "ಐತವಾರ ಒಂದಿನ ಬಂದ್ರ ಇನ್ನ ಗೊತ್ತಾಗೂದಿಲ್ಲ. ನಾಳಿಯಿಂದ ದಿನಾ ಬಂದು ಮೂಸ್ತೀನಿ."