ನಾಕ್ಸೋಸ್‌ನಲ್ಲಿ ಬಿಟ್ಟ ಬೂದಿ

ಅತ್ತಿಗೆ, ಮೂರು ವರ್ಷಗಳ ಹಿಂದೆ ನೀವು ಆ ಗ್ರೀಕ್ ದ್ವೀಪದ ಸಮುದ್ರಕ್ಕೆ ಬಿಟ್ಟದ್ದು ಅಣ್ಣನ ಬೂದಿಯಲ್ಲ. ಲಾಡ್ಜಿನ ಒಲೆಯ ಬೂದಿ. ಅದನ್ನು ಡಬ್ಬಿಗೆ ತುಂಬಿದವನು ನಾನು.

ಇದನ್ನು ಹೇಳಲೆಂದೇ ಗಲ್ಫಿನ ಎಷ್ಟೋ ಶುಕ್ರವಾರದ ರಜೆಗಳಲ್ಲಿ ಅಲ್ ಹೈಲ್‌ನ ನಿಮ್ಮ ಮನೆಗೆ ಬಂದೆ. ನೀವು ಬಡಿಸಿದಿರಿ, ನಾನು ಉಂಡು ಎದ್ದು ಬಂದೆ.

ಆ ದ್ವೀಪಕ್ಕೆ ನಾನು ನಿಮ್ಮ ಜೊತೆ ಬಂದದ್ದು ನೆರವಿಗಲ್ಲ — ಕಾವಲಿಗೆ. ಅಣ್ಣ ತೀರಿಕೊಂಡು ಆರು ತಿಂಗಳೂ ಆಗಿರಲಿಲ್ಲ. "ಗ್ರೀಸ್‌ಗೆ ಹೋಗ್ಲಿಕ್ಕುಂಟು, ಮೇ ಮುಗಿಯುವುದರೊಳಗೆ" ಎಂದಿರಿ. ಯಾಕೆ ಮೇ? ಅಲ್ಲಿ ಯಾರಿದ್ದಾರೆ? "ಜನ ಸೇರುವ ಮೊದಲು ಹೋಗಿ ಬರುವ" ಎಂದು ಅಣ್ಣ ಪ್ರತಿ ವರ್ಷ ನಿಮಗೆ ಮಾತು ಕೊಟ್ಟು, ಖುರುಮ್‌ನ ಆಫೀಸಿನ ಕೆಲಸಕ್ಕಾಗಿ ಮುಂದೂಡುತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ — ನಾನು ಒಳಗೆ ಬಂದರೆ ನೀವು ಫೋನ್ ಇಡುತ್ತಿದ್ದಿರಿ. ಆ ಕಡೆ ಗಂಡಸಿನ ದನಿ. ಏರ್‌ಪೋರ್ಟಿನಲ್ಲಿ ಕೈಚೀಲ ಹಿಡಿಯುತ್ತೇನೆಂದರೂ ಕೊಡಲಿಲ್ಲ.

ಟೂರಿಸ್ಟ್ ಸೀಸನ್ ಶುರುವಾಗದೆ ದ್ವೀಪ ಇನ್ನೂ ಅರ್ಧ ಮುಚ್ಚಿತ್ತು. ಹೋಟೆಲಿನವರು ಕುರ್ಚಿಗಳಿಗೆ ನೀಲಿ ಬಣ್ಣ ಬಳಿಯುತ್ತಿದ್ದರು. ಲಾಡ್ಜಿನ ಮುದುಕ ಬಾಗಿಲಲ್ಲೇ ನಿಮ್ಮ ಹೆಸರು ಹಿಡಿದು ಕರೆದ. ಫೋನಿನ ದನಿ ಅವನದೇ. ನಾನು ಹುಬ್ಬು ಗಂಟಿಕ್ಕಿದ್ದು ಕಂಡು, "ರೂಮ್ ಬುಕ್ ಮಾಡಿದವಳ ಹೆಸರು ಅವನಿಗೆ ಗೊತ್ತಿರದಾ ಮಾರಾಯ? ನೀನೊಬ್ಬ ಪೊಲೀಸ್!" ಎಂದು ನಕ್ಕಿರಿ. ಅಣ್ಣ ಹೋದ ಮೇಲೆ ನೀವು ನಕ್ಕದ್ದು ಅದೇ ಮೊದಲು. ಆ ನಗುವನ್ನೂ ನಾನು ಅನುಮಾನಿಸಿದೆ.

ಮರುದಿನ ಬೆಳಿಗ್ಗೆ ನೀವು ಬ್ರೆಡ್ ತರಲು ಇಳಿದಾಗ ನಿಮ್ಮ ಚೀಲ ಬಿಚ್ಚಿದೆ. ಟೇಪು ಸುತ್ತಿದ ಸಣ್ಣ ಸ್ಟೀಲ್ ಡಬ್ಬಿ. ಒಳಗೆ ಬೂದು ಪುಡಿ. ಗಲ್ಫಿನಲ್ಲಿ ಇಷ್ಟು ವರ್ಷ ಇದ್ದವರು ನಾವು — ಮಾದಕವಸ್ತುವೆಂದು ಹಿಡಿದಾರೆಂದು ಊರಿನಿಂದ ಗಸಗಸೆ ತರಲೂ ಹೆದರುವವರು, ಪರಿಚಯದವರು ಕೊಟ್ಟ ಉಪ್ಪಿನಕಾಯಿಯನ್ನೂ ಬಿಚ್ಚಿ ನೋಡುವವರು. ಯಾರೋ ನಿಮ್ಮ ಕೈಯಲ್ಲಿ ಏನನ್ನೋ ಸಾಗಿಸುತ್ತಿದ್ದಾರೆ ಎಂದುಕೊಂಡೆ. ಕೇಳಬಹುದಿತ್ತು. ಕೇಳಲಿಲ್ಲ. ಸಿಂಕಿಗೆ ಸುರಿದು ನೀರು ಬಿಟ್ಟೆ. ಖಾಲಿ ಡಬ್ಬಿಗೆ ಮತ್ತೆ ಟೇಪು ಸುತ್ತಿ ಇದ್ದಲ್ಲೇ ಇಟ್ಟೆ.

ಮಧ್ಯಾಹ್ನ ಟೊಮೆಟೊ ಹೆಚ್ಚುತ್ತಾ ನೀವು ತಲೆ ಎತ್ತದೆ ಹೇಳಿದಿರಿ:

"ಬೈಬೇಡ ಆಯ್ತಾ. ನಿನ್ನ ಅಣ್ಣನ ಬೂದಿ ಸ್ವಲ್ಪ ಉಳಿಸಿಕೊಂಡಿದ್ದೆ. ನಾಳೆ ಬೆಳಿಗ್ಗೆ ಇಲ್ಲೇ ಬಿಡುವ. ಬರುವ ಬರುವ ಅಂತ ಹೇಳಿಯೇ ಹೋದ್ರಲ್ಲ ಅವರು..."

ನೀವು ಮುಚ್ಚಿಟ್ಟದ್ದು ನನಗೆ ಹೆದರಿ. ಊರಿನಲ್ಲಿ ನದಿಗೆ ಬಿಡುವ ದಿನ, "ಒಂದು ಚೂರೂ ಮನೆಯಲ್ಲಿ ಉಳಿಯಬಾರದು" ಎಂದು ಎಲ್ಲರೆದುರು ಗದರಿದವನು ನಾನೇ.

ಆಗಲೂ ಹೇಳಬಹುದಿತ್ತು. "ಸರಿ ಅತ್ತಿಗೆ" ಎಂದೆ. ಸಂಜೆ ನೀವು ಬಂದರಿನ ಕಡೆ ನಡೆದು ಹೋದಾಗ ಲಾಡ್ಜಿನ ಹಿಂದಿನ ಒಲೆಯಿಂದ ಬೂದಿ ತಂದೆ. ಬೆರಳಲ್ಲಿ ಇದ್ದಿಲ ಚೂರು ಆರಿಸಿ ತೆಗೆದೆ. ಅವರು ಮೀನು ಸುಡುವ ಒಲೆ ಅದು — ಇದನ್ನೂ ಬರೆಯಲೇಬೇಕು.

ಬೆಳಿಗ್ಗೆ ಮೊಣಕಾಲ ನೀರಿನಲ್ಲಿ ನಿಂತು ನೀವು ಡಬ್ಬಿಯನ್ನು ಅಂಗೈಯಲ್ಲಿ ತೂಗಿ ನೋಡಿದಿರಿ. "ಇಷ್ಟು ತಂದಿದ್ದೆನಾ ನಾನು?" ಎಂದಿರಿ. ನಾನು ಕಣ್ಣು ಮುಚ್ಚಿ ಕೈಮುಗಿದೆ — ಭಕ್ತಿಯಿಂದಲ್ಲ. "ಅಂತೂ ಬಂದು ಮುಟ್ಟಿದಿರಲ್ಲ" ಎಂದು ನೀವು ನೀರಿಗೆ ಹೇಳಿದ್ದು ಕೇಳಿಸಿತು.

ಅಣ್ಣ ಅಲ್ಲಿಗೆ ಮುಟ್ಟಲಿಲ್ಲ, ಅತ್ತಿಗೆ. ನಾನು ಮುಟ್ಟಿಸಲಿಲ್ಲ.

ಈ ಮೇ ತಿಂಗಳಲ್ಲಿ ಮತ್ತೆ ಆ ದ್ವೀಪಕ್ಕೆ ಹೋಗಿ "ಅವರನ್ನು ನೋಡಿ ಬರುವ, ರಜೆ ಹಾಕು" ಎಂದಿದ್ದೀರಿ. ವೀಸಾದ ಅರ್ಜಿಗೆ ನಿಮ್ಮ ಸಹಿಯೂ ಆಗಿದೆ. ನನ್ನ ಸಹಿ ಹಾಕಲು ಕೈ ಬರಲಿಲ್ಲ. ಅದರ ಬದಲು ಈ ಕಾಗದ ಬರೆದೆ. ನಾಳೆ ಶುಕ್ರವಾರ, ನಿಮ್ಮ ಕೈಗೇ ಕೊಡುತ್ತೇನೆ, ಎದುರೇ ಕೂತಿರುತ್ತೇನೆ.

ನನಗೆ ಬಡಿಸುವ ಮೊದಲು ಓದಿ.