ಬೈಕುಲ್ಲಾದಿಂದ ರಾಘುವನ್ನು ಕರೆತಂದದ್ದು

ಬೆಳಿಗ್ಗೆ ಏಳಕ್ಕೆ ಕಾಂದಿವಲಿ ಬಿಟ್ಟೆ. ಮೊಮ್ಮಗನ ಹೆಂಡತಿ ಶೋಭಾ ಐದು ತಿಂಗಳ ಬಸುರಿ. ರಕ್ತದಲ್ಲಿ ಸಿಫಿಲಿಸ್ ಸಿಕ್ಕಿತ್ತು; ಊರಲ್ಲಿ ಪರಂಗಿ ಹುಣ್ಣು ಅನ್ನುತ್ತಿದ್ದದ್ದು ಇದನ್ನೇ. ಅವಳಿಗೆ ಇಂಜೆಕ್ಷನ್ ಶುರುವಾಗಿತ್ತು. ಗಂಡನಿಗೂ ಇಂಜೆಕ್ಷನ್ ಆಗದಿದ್ದರೆ ಅವನಿಂದ ಮತ್ತೆ ಬರುತ್ತದೆ, ಹೊಟ್ಟೆಯೊಳಗಿನ ಮಗು ಸಾಯಲೂಬಹುದು ಎಂದು ಡಾಕ್ಟರು ಹೇಳಿದ್ದರು. ಆ ಗಂಡ, ರಾಘು, ಬೈಕುಲ್ಲಾದ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಾನೆ, ಅಲ್ಲೇ ಮಲಗುತ್ತಾನೆ, ವಾರದ ರಜೆಗೆ ಮನೆಗೆ ಬರುತ್ತಾನೆ. ವಿಷಯ ತಿಳಿದ ಮೇಲೆ ಬರಲಿಲ್ಲ, ಫೋನೂ ಎತ್ತಲಿಲ್ಲ.

ಲೋಕಲ್ ರೈಲಿನಲ್ಲಿ ದಾದರಿನವರೆಗೆ ನಿಂತೇ ಹೋದೆ. ಅಲ್ಲಿ ಸೇತುವೆ ಹತ್ತಿ ಇಳಿದು ಇನ್ನೊಂದು ಗಾಡಿ. ಸೆಕೆಗೆ ಸೆರಗು ನೆನೆದಿತ್ತು. ಬೈಕುಲ್ಲಾದ ಆಸ್ಪತ್ರೆಯಲ್ಲಿ ಚೀಟಿ ಕೊಡುವುದು ಹನ್ನೊಂದರವರೆಗೆ ಮಾತ್ರ.

ಹೋಟೆಲಿನಲ್ಲಿ ರಾಘು ಕಾವಲಿಯ ಮುಂದಿದ್ದ.

"ಎಂತ ಅಜ್ಜಿ, ಇಲ್ಲಿವರೆಗೆ? ಕಾಪಿ ಕುಡಿತೀರಾ?"

"ಬೇಡ. ಅಂಗಿ ಹಾಕು, ಆಸ್ಪತ್ರೆಗೆ ಹೋಗುವ."

ಅವನು ದನಿ ತಗ್ಗಿಸಿದ. "ಈಗ ರಶ್ಶು. ನನಗೆಂತ ಇಲ್ಲ. ಇದ್ದ ಹುಣ್ಣು ಮುಲಾಮಿಗೆ ಹೋಯ್ತು."

"ಹುಣ್ಣಿತ್ತು ಅಂತ ಗೊತ್ತಿತ್ತಾ?"

"ಅದಕ್ಕೇ ಅಲ್ವಾ ಮನೆಯಲ್ಲಿ ಲೋಟ ಬೇರೆ ಮಾಡಿದ್ದು. ಅವಳಿಗೆ ಎಂಜಲು ತಾಗಬಾರದು ಅಂತ."

"ಮತ್ತೆ ಹಾಸಿಗೆ?"

ಅವನು ದೋಸೆ ಮಗುಚಿದ. ಚಟ್ನಿ ರುಬ್ಬುತ್ತಿದ್ದ ಶೀನ ಆಚೆಯಿಂದ ನಕ್ಕ. "ಅಜ್ಜಿ, ಇವ ಇಲ್ಲಿಯೂ ಲೋಟ ಬೇರೆ ಇಡುದು. ನಾವು ಮಡಿಭಟ್ರು ಅಂತ ಕರೆಯುದು."

"ಮಡಿ ಯಾಕೆ ಅಂತ ಇವನಿಗೂ ಹೇಳಲಾ?" ಎಂದೆ ರಾಘುವಿಗೆ.

ಅವನು ಕಾವಲಿಯನ್ನು ಶೀನನಿಗೆ ಬಿಟ್ಟು ಅಂಗಿ ಹಾಕಿಕೊಂಡ.

ಚೀಟಿ ಸಿಕ್ಕಿತು, ಕಿಟಕಿ ಮುಚ್ಚುವ ಹೊತ್ತಿಗೆ. ಡಾಕ್ಟರು ಹೆಂಗಸು, ಹಿಂದಿಯಲ್ಲಿ ಹೇಳಿದಳು. ಹುಣ್ಣು ತಾನಾಗಿ ಮಾಯುತ್ತದೆ, ರೋಗ ರಕ್ತದಲ್ಲಿ ಉಳಿಯುತ್ತದೆ. ಲೋಟದಿಂದ ಬರುವುದಲ್ಲ, ಕೂಡುವುದರಿಂದ ಬರುವುದು. ಇಬ್ಬರ ಚಿಕಿತ್ಸೆ ಮುಗಿದು ತಾನು ಹೇಳುವವರೆಗೆ ಹೆಂಡತಿಯ ಹತ್ತಿರ ಹೋಗಕೂಡದು. ಯಾರಿಂದ ಬಂತೋ ಅವರಿಗೂ ಹೇಳಬೇಕು. ಹೊರಗಿನ ಹೆಂಗಸರ ಹತ್ತಿರ ಹೋಗುವವರಿಗೆ ನಿರೋಧ್ ಬೇಕೇ ಬೇಕು. ರಾಘು ನೆಲ ನೋಡುತ್ತಿದ್ದ. ರಕ್ತ ತೆಗೆದು ಕುಂಡೆಗೆ ಚುಚ್ಚಿದರು.

"ಮಗುವಿಗೆ ಏನೂ ಆಗುವುದಿಲ್ಲ ಅಲ್ವಾ?" ಎಂದು ಅವನು ಕೇಳಿದ. ಬೇಗ ಸಿಕ್ಕಿದೆ, ಉಳಿಯುವ ಸಂಭವವೇ ಹೆಚ್ಚು, ಆದರೆ ಹುಟ್ಟಿದ ಮೇಲೆ ಪರೀಕ್ಷೆ ಮಾಡದೆ ಮಾತು ಕೊಡಲಾರೆ ಎಂದಳು.

ರಾಘುವನ್ನು ಕರೆದುಕೊಂಡು ಕಾಂದಿವಲಿಗೆ ಬಂದೆ. ಶೋಭಾ ಬಾಗಿಲು ತೆಗೆದಳು.

"ಚುಚ್ಚಿದ್ರಾ?"

"ಹ್ಞೂಂ. ಇನ್ನೆರಡಿದೆ, ವಾರಕ್ಕೊಂದು. ಮಗು ಸರಿ ಇರ್ತದಂತೆ."

ನಾನು ಅವನ ಮುಖ ನೋಡಿದೆ. "ಹಾಗೆ ಹೇಳಲಿಲ್ಲ ಡಾಕ್ಟರು," ಎಂದೆ.

ಶೋಭಾ ರಾಘುವಿನ ಕಡೆ ತಿರುಗಿದಳು. "ಮುಂದಿನ ವಾರ ನಾನೂ ಬರ್ತೇನೆ. ಮಗುವಿನ ವಿಷಯ ಇನ್ನು ನಿಮ್ಮ ಬಾಯಿಂದ ಕೇಳುದಿಲ್ಲ."

ಅವನು ಚಪ್ಪಲಿ ಬಿಡದೆ ಹೊಸ್ತಿಲಾಚೆಯೇ ನಿಂತ. ನಾನು ಒಳಗೆ ಹೋಗಿ ಕಾಲು ತೊಳೆದೆ.