ನಾಲ್ಕು ಬಲೆ, ಮೂರು ದೊಡ್ಡಿ

ನಮ್ಮ ಹೈಸ್ಕೂಲಿನಲ್ಲಿ ಹನ್ನೆರಡು ವರ್ಷ ಗಣಿತ ಕಲಿಸಿದ ಶಿವಯೋಗೆಪ್ಪ ಮಾಸ್ತರರು ಸನಮಡಿಯ ಕುರುಬರ ಮನೆಯವರು. ಮುಂಜಾನೆ ಕುರಿ ಎಣಿಸಿ ಬರುತ್ತಿದ್ದರು, ಬಂದ ಮೇಲೆ ಹುಡುಗರನ್ನು ಎಣಿಸುತ್ತಿದ್ದರು. ಎರಡರಲ್ಲಿ ಯಾವುದು ತಪ್ಪಿಸಿಕೊಂಡರೂ ಹುಡುಕಿ ತರುತ್ತಿದ್ದರು. ಮ್ಯಾಟ್ರಿಕ್ ವರ್ಗದ ಗಣಿತವೆಂದರೆ ಅವರಿಗೆ ಪ್ರಾಣ. ಆ ವರ್ಗದ ಮೇಲೆ ಕಣ್ಣಿಟ್ಟಿದ್ದವನು ನಾನು, ಗುರಪ್ಪ, ಕೆಳಗಿನ ವರ್ಗಗಳ ಮಾಸ್ತರ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಅರವತ್ತೊಂಬತ್ತರಲ್ಲಿ ಹೊಸ ಗಣಿತ ಬಂತು. ಹಳೆಯದಕ್ಕೆ ಏನು ರೋಗ ಬಂದಿತ್ತೋ ಯಾರೂ ಹೇಳಲಿಲ್ಲ. ಮೇ ತಿಂಗಳಲ್ಲಿ, ಮರಾಠಿ ಸೀಮೆಗೆ ಸೇರಿದ ನಮ್ಮ ತಾಲೂಕಿನ ಊರು ಜತ್ತದಲ್ಲಿ, ಗಣಿತದ ಮಾಸ್ತರರಿಗೆ ಬೇಸಿಗೆ ಶಿಬಿರ, ಕೊನೆಗೆ ಬಾಯಿಪರೀಕ್ಷೆ. ಪಾಸಾಗದವರಿಗೆ ಮ್ಯಾಟ್ರಿಕ್ ವರ್ಗವಿಲ್ಲ ಎಂದು ಸುತ್ತೋಲೆ ಬಂದಿತ್ತು. ತಗಡಿನ ಚಾವಣಿಯ ಕೆಳಗೆ ನಲವತ್ತು ಜನ ಬೇಯುತ್ತ ಕುಳಿತೆವು. ಒಂದು ನೇರ ಗೆರೆ ಎಳೆದರೆ ಬಯಲು ಎರಡು ಭಾಗವಾಗುತ್ತದೆ ಎಂಬುದನ್ನು ಪುಣೆ ಕಡೆಯ ಪ್ರೊಫೆಸರರು ಎರಡು ದಿನ ಸಾಧಿಸಿದರು. ಅದು ಗೊತ್ತಿಲ್ಲದ ರೈತ ನಮ್ಮ ತಾಲೂಕಿನಲ್ಲಿ ಒಬ್ಬನೂ ಇಲ್ಲ. ಬದುವಿನ ಜಗಳದಲ್ಲಿ ತಲೆ ಒಡೆದುಕೊಂಡವರೇ ಊರಿಗೆ ನಾಲ್ಕು ಜನ ಸಿಗುತ್ತಾರೆ. ಆದರೂ ಬರೆದುಕೊಂಡೆವು. ಮುಂದಿನ ಸಾಲಿನಲ್ಲಿ ಶಿಕ್ಷಣ ಖಾತೆಯ ಸಾಹೇಬರೊಬ್ಬರು ನಿದ್ದೆಯಲ್ಲೇ ಒಪ್ಪಿಗೆಯ ತಲೆ ಆಡಿಸುತ್ತಿದ್ದರು.

ಪರೀಕ್ಷೆಯ ದಿನ ಪ್ರೊಫೆಸರರು ಶಿವಯೋಗೆಪ್ಪನವರನ್ನು ಮರಾಠಿಯಲ್ಲಿ ಕೇಳಿದರು: ನಾಲ್ಕು ನೇರ ಗೆರೆ, ಯಾವ ಎರಡೂ ಸಮಾಂತರವಲ್ಲ, ಯಾವ ಮೂರೂ ಒಂದೇ ಕಡೆ ಕೂಡುವುದಿಲ್ಲ. ಬಯಲು ಎಷ್ಟು ಭಾಗ?

"ಮೂರು."

ಸರಿಯುತ್ತರ ಹನ್ನೊಂದು. ಆದರೆ ನಮ್ಮ ಕಡೆ ಬೆಳೆ ಕಿತ್ತ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತಾರೆ. ಶಿವಯೋಗೆಪ್ಪನವರ ಮನೆಯಲ್ಲಿ ಗೂಟ ಹೊಡೆದು ನಾಲ್ಕು ಬಲೆಗಳನ್ನು ಅಡ್ಡಡ್ಡ ಎಳೆದು ಕಟ್ಟುತ್ತಿದ್ದರು. ನಡುವೆ ಮೂರು ದೊಡ್ಡಿ ಆಗುತ್ತಿದ್ದವು: ದೊಡ್ಡದರಲ್ಲಿ ಕುರಿ, ಉಳಿದೆರಡರಲ್ಲಿ ಮರಿ ಮತ್ತು ಟಗರು.

ನಾವು ನಗತೊಡಗಿದಾಗ ಅವರು ಸಿಟ್ಟಿಗೆದ್ದು ಕನ್ನಡಕ್ಕೆ ಇಳಿದರು. "ಉಳಿದ ಎಂಟೂ ಬಾಯಿ ತೆರಕೊಂಡಾವ್ರಿ ಸಾಹೇಬ್ರ. ಅದರಾಗ ಕುರಿ ಬಿಟ್ರ ಬೆಳಕ ಹರಿಯೂದ್ರಾಗ ಮುಚ್ಚಂಡಿ ಊರ ಮುಟ್ಟಿರತಾವ. ಅವನ್ನ ಹ್ಯಾಂಗ ಎಣಸಲಿ?"

ಪ್ರೊಫೆಸರರಿಗೆ ನಾನೇ ಮರಾಠಿ ಮಾಡಿ ಹೇಳಿದೆ. ಅವರು ನಗಲಿಲ್ಲ. ಹಾಳೆಯ ಮೂಲೆಯಲ್ಲಿ ಏನೋ ಗುರುತು ಹಾಕಿಕೊಂಡರು, ಆಮೇಲೆ ನಾಪಾಸು ಎಂದು ಬರೆದರು.

ಮುಂದಿನ ಮೇ ತಿಂಗಳಲ್ಲಿ ಇನ್ನೊಂದೇ ಅವಕಾಶ, ಅಲ್ಲಿಯವರೆಗೆ ವರ್ಗ ಅವರದೇ. ಆ ವರ್ಷವೆಲ್ಲ ಶಿವಯೋಗೆಪ್ಪನವರು ಹನ್ನೊಂದನ್ನು ಬಾಯಿಪಾಠ ಮಾಡಿದರು. ನೀರು ಸೇದುವಾಗಲೂ ಹನ್ನೊಂದು, ಗೂಟ ಹೊಡೆಯುವಾಗಲೂ ಹನ್ನೊಂದು. ಅವರ ಹೆಂಡತಿ ಅಕ್ಕವ್ವ ಕಡೆಗೆ ತಡೆಯಲಾರದೆ ಕೇಳಿದಳಂತೆ, "ದೊಡ್ಡಿ ಮೂರ ಅದಾವಲ್ರಿ?"

"ಮನ್ಯಾಗ ಮೂರು, ಜತ್ತದಾಗ ಹನ್ನೊಂದು. ಸುಮ್ಕಿರು."

ಎರಡನೆಯ ಶಿಬಿರದಲ್ಲಿ, ಪರೀಕ್ಷೆಯ ಹಿಂದಿನ ದಿನ, ಹೊಸ ಪಾಠದ ಹಾಳೆ ಹಂಚಿದರು. ತಲೆಬರಹ 'ಮುಚ್ಚಿದ ಭಾಗಗಳು'. ನಾಲ್ಕು ಗೆರೆಗೆ ಮುಚ್ಚಿದವು ಮೂರು, ಐದಕ್ಕೆ ಆರು. ಅಡಿಯಲ್ಲಿ ಪ್ರೊಫೆಸರರ ಹೆಸರು, ಪದವಿಗಳ ಸಮೇತ. ಕುರಿಗಳ ಹೆಸರು ಎಲ್ಲಿಯೂ ಇರಲಿಲ್ಲ. ಶಿವಯೋಗೆಪ್ಪನವರು ಸ್ನಾನಕ್ಕೆ ಬಾವಿಗೆ ಹೋಗಿದ್ದರು, ಹಂಚುವವರು ಅವರ ಹಾಳೆಯನ್ನೂ ನನ್ನ ಕೈಗೆ ಕೊಟ್ಟರು. ನಾನು ಅದನ್ನು ನನ್ನ ಟ್ರಂಕಿನ ತಳಕ್ಕೆ ಹಾಕಿದೆ. ಮರೆತೆ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಮರೆತಿರಲಿಲ್ಲ.

ಮರುದಿನ ಪ್ರೊಫೆಸರರು "ನಾಲ್ಕು ಗೆರೆಗಳಲ್ಲಿ ಮುಚ್ಚಿದ..." ಅನ್ನುವಷ್ಟರಲ್ಲಿ ಶಿವಯೋಗೆಪ್ಪನವರು ಎದ್ದು ನಿಂತು "ಹನ್ನೊಂದು" ಅಂದುಬಿಟ್ಟರು. ವರ್ಷದ ದುಡಿಮೆ ಅದು, ತಡೆದುಕೊಳ್ಳಲು ಆಗಲಿಲ್ಲ. ಪ್ರೊಫೆಸರರು ನೊಂದ ಮುಖ ಮಾಡಿದರು. ಮುಚ್ಚಿದ್ದು ಯಾವುದು, ತೆರೆದದ್ದು ಯಾವುದು ಎಂಬ ಕಲ್ಪನೆಯೇ ಈ ಭಾಗದ ಶಿಕ್ಷಕರಿಗಿಲ್ಲ ಎಂದು ವರದಿಯಲ್ಲಿ ಬರೆದರು.

ಹಾಳೆ ಓದಿದ್ದ ನಾನು ಪಾಸಾಗಿದ್ದೆ. ಜೂನಿನಲ್ಲಿ ಮ್ಯಾಟ್ರಿಕ್ ವರ್ಗ ನನಗೆ ಬಂತು, ಡ್ರಿಲ್ ಪಿರಿಯಡ್ ಅವರಿಗೆ ಹೋಯಿತು. ಕೈಯಲ್ಲಿ ಸೀಮೆಸುಣ್ಣ ಹಿಡಿದವರ ಕೊರಳಿಗೆ ಸೀಟಿ ಬಿತ್ತು. ಇತ್ತ ನಾನು ಹಾಳೆ ನೋಡಿ ಬೋರ್ಡಿಗೆ ಇಳಿಸಿದೆ, ಹುಡುಗರು ಬೋರ್ಡು ನೋಡಿ ವಹಿಗೆ ಇಳಿಸಿದರು, ಯಾರ ತಲೆಗೂ ಏನೂ ಇಳಿಯಲಿಲ್ಲ. ನನ್ನದೂ ಸೇರಿ.

ದೀಪಾವಳಿ ಕಳೆದ ಮೇಲೆ ತಪಾಸಣೆಗೆ ಬಂದ ಸಾಹೇಬರು ಐದು ಗೆರೆಗೆ ಮುಚ್ಚಿದ ಭಾಗ ಎಷ್ಟು ಎಂದರು. ನಾನು ಮೇಜಿನ ಮೇಲೆ ಹಾಳೆಗಾಗಿ ತಡಕಾಡಿದೆ. ಹಿಂದಿನ ಬೆಂಚಿನ ಹರಿಬಾ ಎದ್ದು "ಆರು" ಅಂದ. ಬೋರ್ಡಿಗೆ ಹೋಗಿ ಗೆರೆ ಎಳೆದು ತೋರಿಸಿಯೂ ಬಿಟ್ಟ. ಸಾಹೇಬರು ನನ್ನ ಕೈ ಕುಲುಕಿ, ಇಂಥ ಬೋಧನೆ ಜಿಲ್ಲೆಯಲ್ಲೇ ಇಲ್ಲವೆಂದು ತಪಾಸಣೆಯ ವಹಿಯಲ್ಲಿ ಷರಾ ಬರೆದರು. ನಾನು ಕೈಮುಗಿದು ನಿಂತೆ.

ಅವರು ಹೋದ ಮೇಲೆ ಶಾಲೆಯ ಬಯಲಿಗೆ ಹೋಗಿ ನೋಡಿದರೆ, ಗೂಟ ಹೊಡೆದು ಐದು ಬಲೆ ಕಟ್ಟಿದ್ದರು. ಡ್ರಿಲ್ ಪಿರಿಯಡ್ಡಿನಲ್ಲಿ ಹುಡುಗರು ಆಡುತ್ತಿದ್ದ ಆಟ ಅದು: ಸೀಟಿ ಊದಿದೊಡನೆ ದೊಡ್ಡಿಯೊಳಗೆ ಹಾರಬೇಕು, ಬಯಲಿನಲ್ಲಿ ಉಳಿದವನು ಔಟ್. ಶಿವಯೋಗೆಪ್ಪನವರು ಗೂಟ ಕೀಳುತ್ತಿದ್ದರು.

"ಹುಡುಗ್ರು ಆರು ಅಂತ ಹೇಳಿದ್ರೇನ್ರಿ?"

"ಅಂದ್ರ್ರಿ."

"ಚಲೋ ಆತು." ಬಲೆಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟರು, ಇನ್ನೊಂದನ್ನು ತಾವು ಹಿಡಿದು ಮಡಚತೊಡಗಿದರು. "ಗುರಪ್ಪಸರ, ಆವತ್ತ ನನ್ನ ಹಾಳಿ ನಿಮ್ಮ ಕಡೆ ಇತ್ತೇನು?"

ಸುಳ್ಳು ಬಾಯಿಯವರೆಗೆ ಬಂದಿತ್ತು.

"ಇತ್ತ್ರಿ," ಅಂದೆ.

ಅವರು ಬಲೆಯನ್ನು ಇನ್ನೊಂದು ಮಡಿಕೆ ಮಡಚಿದರು.

"ತುದಿ ಬಿಗಿ ಹಿಡೀರಿ," ಅಂದರು, "ಸಡ್ಲ ಬಿಟ್ರ ಬಲಿ ಗಂಟ ಬೀಳತೈತಿ."